ರೈಲು ನೋಡೋಕೆ ಹೋಗ್ತೀರಾ? ಕೆಲಸ ಇಲ್ವಾ?

ಈ ಪ್ರಶ್ನೆಯನ್ನ ನನಗೆ ಮೊದಲ ಸಲ ಕೇಳಿದ್ದು ಒಬ್ಬ ಪೊಲೀಸಪ್ಪ. ನಾನಾಗ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಯಾವ ಊರಿನ ಸ್ಟೇಷನ್ ಅಂತ ಹೇಳೋದು ಬೇಡ. ಕೈಯಲ್ಲೊಂದು ಸಣ್ಣ ಕ್ಯಾಮೆರಾ ಇತ್ತು. ಎದುರಿಗೆ ಡೀಸೆಲ್ ಎಂಜಿನ್ ನಿಂತಿತ್ತು. ನಾನು ಫೋಟೋ ತೆಗೀತಾ ಇದ್ದೆ.

‘ಏನಪ್ಪಾ, ಯಾವ ಊರಿಗೆ ಹೋಗಬೇಕು?’

‘ಎಲ್ಲಿಗೂ ಇಲ್ಲ ಸಾರ್.’

‘ಯಾರನ್ನಾದ್ರೂ ಹತ್ತಿಸೋಕೆ ಬಂದಿದೀಯಾ?’

‘ಇಲ್ಲ ಸಾರ್. ರೈಲು ನೋಡೋಕೆ ಬಂದಿದೀನಿ.’

ಅವರು ನನ್ನ ಮುಖವನ್ನ ಒಂದು ನಿಮಿಷ ನೋಡಿದರು. ಪ್ಲಾಟ್‌ಫಾರ್ಮ್ ಟಿಕೆಟ್ ಕೇಳಿದರು, ತೋರಿಸಿದೆ. ಕಾಲೇಜಿನ ಐಡಿ ಕೇಳಿದರು, ಅದನ್ನೂ ತೋರಿಸಿದೆ. ಆದರೂ ನಂಬಿಕೆ ಬರಲಿಲ್ಲ. ಫೋಟೋ ಅಳಿಸಿಸಿದರು. ಕೊನೆಗೆ ಕೇಳಿದರು: ‘ಕೆಲಸ ಇಲ್ವಾ ನಿನಗೆ?’

ಅವರ ಮೇಲೆ ನನಗೇನೂ ಕೋಪ ಇಲ್ಲ. ಕ್ರಿಕೆಟ್ ನೋಡೋಕೆ ಹೋದವನನ್ನ ಯಾರೂ ಹೀಗೆ ಕೇಳಲ್ಲ. ಹಕ್ಕಿ ನೋಡೋಕೆ ಕಾಡಿಗೆ ಹೋದವರನ್ನ ‘ಒಳ್ಳೇ ಹವ್ಯಾಸ’ ಅಂತ ಹೊಗಳ್ತೀವಿ. ರೈಲು ನೋಡ್ತೀನಿ, ಬಸ್ಸು ನೋಡ್ತೀನಿ ಅಂದರೆ ಮಾತ್ರ ನಮಗೆ ಅನುಮಾನ. ಯಾಕೆ ಹೀಗೆ? ಈ ಹವ್ಯಾಸದಲ್ಲಿ ಅಂಥದ್ದೇನಿದೆ? ಇದರಿಂದ ನಿಮಗೆ, ನನಗೆ, ಊರಿಗೆ ಏನಾದ್ರೂ ಲಾಭ ಇದೆಯಾ? ಇವತ್ತು ಅದನ್ನೇ ನೋಡೋಣ.

ಯಾರು ಇವರು?

ಇಂಗ್ಲಿಷ್‌ನಲ್ಲಿ ಇವರನ್ನ ರೈಲ್‌ಫ್ಯಾನ್ ಅಂತಾರೆ. ರೈಲು ಅಭಿಮಾನಿ ಅನ್ನಿ. ಬ್ರಿಟನ್‌ನಲ್ಲಿ ಇದಕ್ಕೆ ದೊಡ್ಡ ಚರಿತ್ರೆಯೇ ಇದೆ. 1942ರಲ್ಲಿ, ಅಂದರೆ ಎರಡನೇ ಮಹಾಯುದ್ಧದ ಮಧ್ಯೆ, ಲಂಡನ್ನಿನ ರೈಲ್ವೆ ಕಚೇರಿಯಲ್ಲಿದ್ದ ಇಯಾನ್ ಅಲನ್ ಅನ್ನೋ ಯುವಕ ಒಂದು ಪುಟ್ಟ ಪುಸ್ತಕ ತಂದ. ಅದರಲ್ಲಿದ್ದದ್ದು ಕಥೆಯಲ್ಲ, ಕವಿತೆಯಲ್ಲ. ಬರೀ ಎಂಜಿನ್‌ಗಳ ನಂಬರ್! ಹುಡುಗರು ಅದನ್ನ ಜೇಬಿನಲ್ಲಿಟ್ಟುಕೊಂಡು ಸ್ಟೇಷನ್ನಿಗೆ ಹೋಗೋದು, ಕಂಡ ಎಂಜಿನ್ನಿನ ನಂಬರ್ ಕೆಳಗೆ ಗೆರೆ ಹಾಕೋದು. ಅಷ್ಟೇ. ಇಡೀ ಒಂದು ತಲೆಮಾರು ಈ ಆಟ ಆಡಿಕೊಂಡು ಬೆಳೀತು.

ಜಪಾನಿನಲ್ಲಂತೂ ಇವರಲ್ಲೇ ಜಾತಿಗಳಿವೆ. ರೈಲಿನಲ್ಲಿ ಸುಮ್ಮನೆ ಓಡಾಡುವವರಿಗೆ ಒಂದು ಹೆಸರು, ಫೋಟೋ ತೆಗೆಯುವವರಿಗೆ ಇನ್ನೊಂದು ಹೆಸರು, ರೈಲಿನ ಸದ್ದನ್ನ ರೆಕಾರ್ಡ್ ಮಾಡುವವರಿಗೆ ಮತ್ತೊಂದು ಹೆಸರು. ನಮ್ಮಲ್ಲೂ ಇದ್ದಾರೆ ಸ್ವಾಮಿ. ಹಳೇ ರಟ್ಟಿನ ಟಿಕೆಟ್ ಕೂಡಿಡುವವರಿದ್ದಾರೆ. ವೇಳಾಪಟ್ಟಿಯನ್ನ ಕಾದಂಬರಿ ಥರ ಓದುವವರಿದ್ದಾರೆ. ಸಾರಿಗೆ ಸಂಸ್ಥೆಯ ಬಸ್ಸಿನ ಸದ್ದು ಕೇಳಿಯೇ ಅದು ಲೇಲ್ಯಾಂಡಾ, ಟಾಟಾನಾ ಅಂತ ಹೇಳುವ ಹುಡುಗರು ನಿಮ್ಮ ಬೀದಿಯಲ್ಲೇ ಇದ್ದಾರೆ, ಹುಡುಕಿ ನೋಡಿ.

ನನಗೆ ಈ ಹುಚ್ಚು ಹತ್ತಿಸಿದ್ದು ನಮ್ಮ ಅಪ್ಪ. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಮ್ಮೂರು ಅರಸೀಕೆರೆ ಕಡೆ. ಅರಸೀಕೆರೆ ಜಂಕ್ಷನ್ ಗೊತ್ತಲ್ಲ? ಒಂದು ದಾರಿ ತುಮಕೂರಿನ ಮೇಲೆ ಬೆಂಗಳೂರಿಗೆ, ಇನ್ನೊಂದು ಬೀರೂರಿನ ಮೇಲೆ ಹುಬ್ಬಳ್ಳಿಗೆ, ಮತ್ತೊಂದು ಹಾಸನದ ಮೇಲೆ ಮೈಸೂರಿಗೆ. ಭಾನುವಾರ ಸಂಜೆ ಅಪ್ಪ ನನ್ನನ್ನ ಸ್ಟೇಷನ್ನಿಗೆ ಕರೆದುಕೊಂಡು ಹೋಗೋರು. ಸಿನಿಮಾ ಟಿಕೆಟ್ಟಿಗಿಂತ ಅಗ್ಗ ಅಂತಿದ್ರು ಅಮ್ಮ. ಅಪ್ಪ ಮಾತ್ರ ನಗ್ತಿರಲಿಲ್ಲ. ‘ನೋಡೋದನ್ನ ಕಲಿ ಮಗಾ, ಎಲ್ಲಾ ಬರೆದಿಟ್ಟಿದ್ದಾರೆ’ ಅನ್ನೋರು.

ಎಲ್ಲಾ ಬರೆದಿಟ್ಟಿದ್ದಾರೆ! ಈ ಮಾತು ಅರ್ಥವಾಗೋಕೆ ನನಗೆ ಇಪ್ಪತ್ತು ವರ್ಷ ಬೇಕಾಯ್ತು.

ಎಂಜಿನ್ನಿನ ಮೇಲೆ ಏನು ಬರೆದಿದೆ?

ಮುಂದಿನ ಸಲ ರೈಲು ಬಂದಾಗ ಎಂಜಿನ್ನಿನ ಮೈ ಮೇಲೆ ನೋಡಿ. ಡಬ್ಲ್ಯೂಎಪಿ-7 ಅಂತ ಬರೆದಿರುತ್ತೆ. ಇದು ಯಾವುದೋ ಗುಟ್ಟಿನ ಸಂಕೇತ ಅಲ್ಲ. ಡಬ್ಲ್ಯೂ ಅಂದರೆ ಬ್ರಾಡ್‌ಗೇಜ್, ಅಂದರೆ ಎರಡು ಹಳಿಗಳ ನಡುವೆ 1,676 ಮಿಲಿಮೀಟರ್ ಅಂತರ. ಎ ಅಂದರೆ ಎಸಿ ಕರೆಂಟಿನಲ್ಲಿ ಓಡುವ ಎಂಜಿನ್. ಅದೇ ಜಾಗದಲ್ಲಿ ಡಿ ಇದ್ದರೆ ಡೀಸೆಲ್. ಪಿ ಅಂದರೆ ಪ್ರಯಾಣಿಕರ ಗಾಡಿ ಎಳೆಯೋಕೆ ಮಾಡಿದ್ದು. ಜಿ ಅಂದರೆ ಗೂಡ್ಸ್. ಎಂ ಅಂದರೆ ಎರಡಕ್ಕೂ ಸೈ. ಕೊನೆಯ 7 ಅಂದರೆ ಎಷ್ಟನೇ ಮಾದರಿ ಅಂತ. ಮುಗೀತು! ಈಗ ನಿಮಗೂ ಎಂಜಿನ್ ಓದೋಕೆ ಬರುತ್ತೆ.

ನಾನು ಹುಡುಗನಾಗಿದ್ದಾಗ ರಾಜನ ಥರ ಓಡಾಡ್ತಿದ್ದದ್ದು ಡಬ್ಲ್ಯೂಡಿಎಂ-2. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ, 2,600 ಅಶ್ವಶಕ್ತಿ. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ತಯಾರಾಗ್ತಾ ಬಂತು. ಅದು ಹೊರಡುವಾಗ ಕಪ್ಪು ಹೊಗೆ ಗುಪ್ ಅಂತ ಏಳೋದು ನೆನಪಿದೆಯಾ? ನಾವೆಲ್ಲ ಅದನ್ನ ಎಂಜಿನ್ನಿನ ರೋಷ ಅಂದುಕೊಂಡಿದ್ವಿ. ನಿಜವಾದ ಕಾರಣ ಬೇರೆ. ಲೋಕೋ ಪೈಲಟ್ ಹಿಡಿಕೆ ತಿರುಗಿಸಿದ ಕೂಡಲೇ ಎಂಜಿನ್ನಿಗೆ ಡೀಸೆಲ್ ಹೆಚ್ಚಾಗಿ ಹೋಗುತ್ತೆ. ಆದರೆ ಗಾಳಿಯನ್ನ ಒತ್ತಿ ಒಳಗೆ ನುಗ್ಗಿಸುವ ಟರ್ಬೋ ಇನ್ನೂ ವೇಗ ಹಿಡಿದಿರಲ್ಲ. ಎಣ್ಣೆ ಜಾಸ್ತಿ, ಗಾಳಿ ಕಡಿಮೆ. ಅರ್ಧಂಬರ್ಧ ಉರಿದ ಎಣ್ಣೆಯೇ ಆ ಕಪ್ಪು ಹೊಗೆ. ಟರ್ಬೋ ವೇಗ ಪಡೆದ ಮೇಲೆ ಹೊಗೆ ತಿಳಿಯಾಗುತ್ತೆ. ಕಾಲೇಜಿನಲ್ಲಿ ಟರ್ಬೋಚಾರ್ಜರ್ ಪಾಠ ಬಂದಾಗ ಇಡೀ ಕ್ಲಾಸಿನಲ್ಲಿ ನಾನೊಬ್ಬನೇ ಮುಗುಳ್ನಕ್ಕೆ. ಅದನ್ನ ನಾನು ಅರಸೀಕೆರೆಯಲ್ಲಿ ಕಣ್ಣಾರೆ ನೋಡಿದ್ದೆ.

ಬೋಗಿಯನ್ನೂ ಓದಬಹುದು. ಬೋಗಿಯ ಪಕ್ಕದಲ್ಲಿ ಐದಾರು ಅಂಕಿಯ ನಂಬರ್ ಇರುತ್ತೆ. ಮೊದಲ ಎರಡು ಅಂಕಿ ಆ ಬೋಗಿ ತಯಾರಾದ ವರ್ಷ. 98 ಅಂತ ಶುರುವಾದರೆ 1998. ನಮಗೆಲ್ಲ ಪರಿಚಯವಿದ್ದ ಹಳೇ ನೀಲಿ ಬೋಗಿಗಳು ಚೆನ್ನೈನ ಪೆರಂಬೂರು ಕಾರ್ಖಾನೆಯ ವಿನ್ಯಾಸ. ಅಂಥ ಬೋಗಿ ತಯಾರಿಸೋದನ್ನ 2018ರಲ್ಲಿ ನಿಲ್ಲಿಸಿದರು. ಈಗ ಬರುವ ಎಲ್‌ಎಚ್‌ಬಿ ಬೋಗಿಗಳು ಜರ್ಮನ್ ವಿನ್ಯಾಸ. ಅಪಘಾತವಾದಾಗ ಒಂದರ ಮೇಲೊಂದು ಹತ್ತದ ಹಾಗೆ ಅವುಗಳ ಜೋಡಣೆ ಇದೆ. ಬಣ್ಣ ಬದಲಾಯ್ತು ಅಂತ ನಾವು ಅಂದುಕೊಳ್ತೀವಿ. ಬದಲಾಗಿದ್ದು ಬಣ್ಣವಲ್ಲ, ಬದುಕುವ ಅವಕಾಶ.

ರೈಲು ಹೊರಟು ಹೋಗ್ತಾ ಇದೆ. ಎಲ್ಲರೂ ಕೈ ಬೀಸಿ ವಾಪಸ್ ತಿರುಗ್ತಾರೆ. ನೀವು ತಿರುಗಬೇಡಿ. ಕೊನೆಯ ಬೋಗಿಯ ಬೆನ್ನು ನೋಡಿ. ಅಲ್ಲಿ ಗಣಿತದ ಗುಣಾಕಾರದ ಚಿಹ್ನೆ ಥರ ದೊಡ್ಡದೊಂದು ಗುರುತಿರುತ್ತೆ. ಯಾಕೆ? ಇದೇ ಕೊನೆಯ ಬೋಗಿ ಅಂತ ಸ್ಟೇಷನ್ ಮಾಸ್ಟರಿಗೆ ಗೊತ್ತಾಗೋಕೆ. ಆ ಗುರುತು ಕಾಣದೇ ರೈಲು ದಾಟಿ ಹೋದರೆ, ದಾರಿಯಲ್ಲೆಲ್ಲೋ ಕೆಲವು ಬೋಗಿ ಕಳಚಿ ಉಳಿದಿರಬಹುದು ಅಂತ ಅರ್ಥ. ಆಗ ಹಿಂದಿನ ರೈಲನ್ನ ಆ ದಾರಿಗೆ ಬಿಡೋ ಹಾಗಿಲ್ಲ. ಒಂದು ಗುಣಾಕಾರದ ಚಿಹ್ನೆಯ ಮೇಲೆ ಸಾವಿರಾರು ಜೀವ ನಿಂತಿದೆ ನೋಡಿ.

ಅಪ್ಪನ 47 ಸೆಕೆಂಡಿನ ಲೆಕ್ಕ

ಒಂದು ಸಲ ಹಳೇ ಮಾರ್ಗವೊಂದರಲ್ಲಿ ಪ್ಯಾಸೆಂಜರ್ ಗಾಡಿಯಲ್ಲಿ ಹೋಗ್ತಾ ಇದ್ವಿ. ಅಪ್ಪ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. ‘47 ಸೆಕೆಂಡು. ಅಷ್ಟರಲ್ಲಿ ಎಷ್ಟು ಸಲ ಟಕಟಕ ಕೇಳುತ್ತೆ ಎಣಿಸು’ ಅಂದರು. ಎಣಿಸಿದೆ. 52 ಬಂತು. ‘ಹಾಗಾದ್ರೆ ಗಾಡಿ ಗಂಟೆಗೆ 52 ಕಿಲೋಮೀಟರ್ ಓಡ್ತಾ ಇದೆ’ ಅಂದರು. ನನಗೆ ಜಾದೂ ಅನ್ನಿಸಿತು.

ಜಾದೂ ಅಲ್ಲ, ಐದನೇ ಕ್ಲಾಸಿನ ಲೆಕ್ಕ. ಆ ಮಾರ್ಗದಲ್ಲಿ ಒಂದೊಂದು ಹಳಿಯ ತುಂಡು 13 ಮೀಟರ್ ಉದ್ದ. ಎರಡು ತುಂಡು ಸೇರುವ ಜಾಗದಲ್ಲಿ ಚಕ್ರ ದಾಟುವಾಗ ಸದ್ದು. ಒಂದು ಸೆಕೆಂಡಿಗೆ 13 ಮೀಟರ್ ಅಂದರೆ ಗಂಟೆಗೆ 46.8 ಕಿಲೋಮೀಟರ್. ಹಾಗಾಗಿ ಸುಮಾರು 47 ಸೆಕೆಂಡಿನಲ್ಲಿ ಎಷ್ಟು ಕೀಲು ದಾಟ್ತೀರೋ ಅದೇ ನಿಮ್ಮ ವೇಗ. ಒಂದು ಕೀಲಿನ ಮೇಲೆ ಹಲವು ಚಕ್ರ ದಾಟೋದರಿಂದ ‘ಟಕಟಕ’ ಅಂತ ಗುಂಪಾಗಿ ಕೇಳುತ್ತೆ, ಆ ಗುಂಪನ್ನ ಒಂದು ಅಂತ ಎಣಿಸಬೇಕು.

ಆ ಕೀಲು ಯಾಕಿತ್ತು? ಕಬ್ಬಿಣ ಬಿಸಿಲಿಗೆ ಹಿಗ್ಗುತ್ತೆ. ತಾಪಮಾನ 40 ಡಿಗ್ರಿ ಏರಿದರೆ 13 ಮೀಟರಿನ ಹಳಿ ಸುಮಾರು 6 ಮಿಲಿಮೀಟರ್ ಉದ್ದವಾಗುತ್ತೆ. ಹಿಗ್ಗೋಕೆ ಜಾಗ ಬಿಡದಿದ್ದರೆ ಹಳಿ ಸೊಟ್ಟಗಾಗುತ್ತೆ. ಅದಕ್ಕೆ ನಡುವೆ ಸಂದು. ಈಗ ಮುಖ್ಯ ಮಾರ್ಗಗಳಲ್ಲಿ ಹಳಿಗಳನ್ನ ಬೆಸೆದು ಉದ್ದಕ್ಕೆ ಒಂದೇ ಮಾಡಿದ್ದಾರೆ. ಕಾಂಕ್ರೀಟಿನ ಸ್ಲೀಪರ್, ಕ್ಲಿಪ್ಪು, ಜಲ್ಲಿ ಸೇರಿ ಹಳಿ ಅಲ್ಲಾಡದಂತೆ ಹಿಡಿದಿಡ್ತವೆ. ಅದಕ್ಕೇ ಈಗಿನ ಮಕ್ಕಳಿಗೆ ಚುಕುಬುಕೂನೂ ಗೊತ್ತಿಲ್ಲ, ಟಕಟಕವೂ ಗೊತ್ತಿಲ್ಲ.

ಹಾಗಾದ್ರೆ ಈಗ ವೇಗ ಲೆಕ್ಕ ಹಾಕೋದು ಹೇಗೆ? ಕಿಟಕಿಯಾಚೆ ವಿದ್ಯುತ್ ತಂತಿಯ ಕಂಬ ನೋಡಿ. ಪ್ರತಿ ಕಂಬದ ಮೇಲೆ ಎರಡು ಸಂಖ್ಯೆ ಇರುತ್ತೆ. ಒಂದು ಕಿಲೋಮೀಟರು, ಇನ್ನೊಂದು ಆ ಕಿಲೋಮೀಟರಿನೊಳಗೆ ಎಷ್ಟನೇ ಕಂಬ ಅಂತ. ಕಿಲೋಮೀಟರಿನ ಸಂಖ್ಯೆ ಬದಲಾದಾಗ ಗಡಿಯಾರ ಶುರು ಮಾಡಿ, ಮತ್ತೆ ಬದಲಾದಾಗ ನಿಲ್ಲಿಸಿ. 3,600ನ್ನ ಆ ಸೆಕೆಂಡುಗಳಿಂದ ಭಾಗಿಸಿ. 45 ಸೆಕೆಂಡ್ ಆದರೆ 80ರ ವೇಗ. 36 ಸೆಕೆಂಡ್ ಆದರೆ 100ರ ವೇಗ. ಮಗುವಿಗೆ ಮೊಬೈಲ್ ಕೊಟ್ಟು ಕೂರಿಸುವ ಬದಲು ಈ ಆಟ ಕೊಡಿ. ಭಾಗಾಕಾರವೂ ಬರುತ್ತೆ, ಊರೂ ಬರುತ್ತೆ.

ಘಾಟಿಯಲ್ಲಿ ನಿಂತವನಿಗೆ ಗೊತ್ತು

ನಮ್ಮ ರಾಜ್ಯದ ರೈಲು ಅಭಿಮಾನಿಗಳಿಗೆ ಎರಡು ತೀರ್ಥಕ್ಷೇತ್ರ. ಒಂದು ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ಘಾಟಿ, 57 ಸುರಂಗ ಇರುವ ದಾರಿ. ಇನ್ನೊಂದು ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಘಾಟಿ, ದೂಧ್‌ಸಾಗರ್ ಜಲಪಾತದ ಪಕ್ಕದ ದಾರಿ.

ಸಕಲೇಶಪುರದ ಘಾಟಿಯಲ್ಲಿ ಏರು 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಕ್ಯಾಸಲ್‌ರಾಕ್ ಕಡೆ 37ಕ್ಕೆ 1. ‘ಇಷ್ಟೇನಾ? ನಮ್ಮ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಇದಕ್ಕಿಂತ ಕಡಿದಾಗಿ ಹತ್ತುತ್ತೆ’ ಅಂತೀರಿ. ಹೌದು. ಆದರೆ ಬಸ್ಸಿನದು ರಬ್ಬರ್ ಟೈರು, ಟಾರು ರಸ್ತೆ. ರೈಲಿನದು ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ, ನುಣ್ಣಗೆ ಜಾರುತ್ತೆ. ಸಮತಟ್ಟಿನಲ್ಲಿ ನಿಧಾನಕ್ಕೆ ಓಡುವ ಒಂದು ಟನ್ ತೂಕದ ಬೋಗಿಯನ್ನ ಎಳೆಯೋಕೆ ಕೆಲವೇ ಕೆ.ಜಿ. ಬಲ ಸಾಕು. ರೈಲು ಅಗ್ಗವಾಗಿರೋದು ಇದೇ ಕಾರಣಕ್ಕೆ. ಆದರೆ 37ಕ್ಕೆ 1ರ ಏರಿನಲ್ಲಿ ಅದೇ ಒಂದು ಟನ್ನಿಗೆ 27 ಕೆ.ಜಿ. ಬಲ ಹೆಚ್ಚುವರಿಯಾಗಿ ಬೇಕು. ಸಾವಿರ ಟನ್ನಿನ ಗಾಡಿಗೆ 27 ಟನ್! ಅದಕ್ಕೇ ಹಿಂದಿನಿಂದ ತಳ್ಳೋಕೆ ಬೇರೆ ಎಂಜಿನ್ ಜೋಡಿಸ್ತಾರೆ. ಇದಕ್ಕೆ ಬ್ಯಾಂಕರ್ ಅಂತ ಹೆಸರು. ಮುಂದಿನವನು ಎಳೀತಾನೆ, ಹಿಂದಿನವನು ತಳ್ತಾನೆ. ಮಳೆಗಾಲದಲ್ಲಿ ಚಕ್ರ ಜಾರಿದರೆ ಎಂಜಿನ್ನಿನಲ್ಲಿರುವ ಪೆಟ್ಟಿಗೆಯಿಂದ ಹಳಿ ಮೇಲೆ ಮರಳು ಬಿಡ್ತಾರೆ. ಸಾವಿರಾರು ಅಶ್ವಶಕ್ತಿಯ ಯಂತ್ರ ಕೊನೆಗೆ ಒಂದು ಹಿಡಿ ಮರಳನ್ನ ನಂಬುತ್ತೆ.

ನೀವು ರಾತ್ರಿ ಮಂಗಳೂರಿನ ರೈಲು ಹತ್ತಿ ಮುಸುಕು ಹಾಕಿ ಮಲಗಿದರೆ ಇದ್ಯಾವುದೂ ಗೊತ್ತಾಗಲ್ಲ. ಗಾಡಿ ಅರ್ಧ ಗಂಟೆ ತಡ ಅಂತ ಬೈತೀರಿ. ನೋಡಿದವನು ಬೈಯಲ್ಲ. ಸುರಂಗದ ಬಾಯಲ್ಲಿ ಮಳೆಯಲ್ಲಿ ನಿಂತು ಹಳಿ ಕಾಯುವ ನೌಕರನನ್ನ ಅವನು ನೋಡಿರ್ತಾನೆ.

ಬಸ್ಸು, ಮೆಟ್ರೋಗಳದ್ದೂ ಒಂದು ಭಾಷೆ

ರೈಲು ದೂರ ಇದೆಯಾ? ಬಸ್ ಸ್ಟ್ಯಾಂಡಿಗೆ ಹೋಗಿ. ನಮ್ಮ ಸಾರಿಗೆ ಸಂಸ್ಥೆಗಳ ಬಸ್ಸಿನ ನಂಬರ್ ಪ್ಲೇಟಿನಲ್ಲಿ ಎಫ್ ಅನ್ನೋ ಅಕ್ಷರ ಗಮನಿಸಿದ್ದೀರಾ? ಕೆಎ-57 ಎಫ್ ಅಂತ ಇದ್ದರೆ ಅದು ಶಾಂತಿನಗರದಲ್ಲಿ ನೋಂದಣಿಯಾದ ಸರ್ಕಾರಿ ಬಸ್ಸು. ಮೈ ಮೇಲೆ ಡಿಪೋ ಹೆಸರಿರುತ್ತೆ. ಬೆಂಗಳೂರಿನ ಬಸ್ ನಂಬರಿಗೂ ಒಂದು ವ್ಯಾಕರಣ ಇದೆ. 500ರ ಸರಣಿ ಅಂದರೆ ಹೊರವರ್ತುಲ ರಸ್ತೆ. ಕೆಐಎ ಅಂದರೆ ಕೆಂಪೇಗೌಡ ವಿಮಾನ ನಿಲ್ದಾಣ. 335-ಇ ಅಂದರೆ ಮೆಜೆಸ್ಟಿಕ್‌ನಿಂದ ಕಾಡುಗೋಡಿ ಅಂತ ಆ ಕಡೆಯ ಮಗುವೂ ಹೇಳುತ್ತೆ.

ಮೆಟ್ರೋದಲ್ಲಿ ನಿಂತಾಗ ತಲೆ ಎತ್ತಿ ನೋಡಿ. ರೈಲಿಗಿರುವಂಥ ತಂತಿ ಮೇಲಿಲ್ಲ. ಹಾಗಾದ್ರೆ ಕರೆಂಟ್ ಎಲ್ಲಿಂದ ಬರುತ್ತೆ? ಹಳಿಯ ಪಕ್ಕದಲ್ಲೇ ಇರುವ ಮೂರನೇ ಹಳಿಯಿಂದ, 750 ವೋಲ್ಟ್ ಡಿಸಿ. ಮೊಬೈಲ್ ಬಿತ್ತು ಅಂತ ಕೆಳಗೆ ಇಳಿಯಬಾರದು ಅನ್ನೋದು ಇದಕ್ಕೇ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ-ಎಂ.ಜಿ. ರಸ್ತೆ ಮಧ್ಯೆ ಮೊದಲ ಮೆಟ್ರೋ ಓಡಿದಾಗ, ಕೆಲಸವಿಲ್ಲದಿದ್ದರೂ ಸುಮ್ಮನೆ ಹತ್ತಿ ಇಳಿದವರು ಎಷ್ಟು ಜನ! ಅವತ್ತು ಇಡೀ ಬೆಂಗಳೂರೇ ರೈಲು ಅಭಿಮಾನಿಯಾಗಿತ್ತು. ಅವರನ್ನ ಯಾರಾದ್ರೂ ಕೆಲಸ ಇಲ್ವಾ ಅಂತ ಕೇಳಿದ್ರಾ?

ಆದರೆ ಹಳಿ ಮೇಲೆ ಬೇಡ

ಈಗ ಒಂದು ಕಹಿ ಮಾತು. ಸುದ್ದಿ ಓದುವವರ ಕಷ್ಟ ಏನು ಗೊತ್ತಾ? ಹಳಿ ಮೇಲೆ ರೀಲ್ಸ್ ಮಾಡೋಕೆ ಹೋಗಿ ಸತ್ತ ಮಕ್ಕಳ ಸುದ್ದಿಯನ್ನ ನಾವೇ ಓದಬೇಕು. ಪರದೆ ಮೇಲೆ ಆ ಮಗುವಿನ ನಗುಮುಖದ ಫೋಟೋ ಬರುತ್ತೆ. ಪ್ರತಿ ಸಲವೂ ನನಗೆ ಅನ್ನಿಸೋದು ಒಂದೇ: ಅಪ್ಪ ನನ್ನನ್ನ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರಿಸದೇ ಇದ್ದಿದ್ರೆ ಅದು ನಾನೂ ಆಗಿರಬಹುದಿತ್ತು.

ಲೆಕ್ಕ ಕೇಳಿ. 110ರ ವೇಗದಲ್ಲಿ ಬರುವ ರೈಲು ಒಂದು ಸೆಕೆಂಡಿಗೆ 30 ಮೀಟರ್ ದಾಟುತ್ತೆ. 300 ಮೀಟರ್ ದೂರದಲ್ಲಿ ನಿಮಗೆ ಕಂಡರೆ ನಿಮ್ಮ ಹತ್ತಿರ ಉಳಿದಿರೋದು 10 ಸೆಕೆಂಡ್. ಬೆಸೆದ ಹಳಿಯಾದ್ದರಿಂದ ಟಕಟಕ ಸದ್ದಿಲ್ಲ. ಎದುರಿನಿಂದ ಬರುವ ಎಲೆಕ್ಟ್ರಿಕ್ ರೈಲಿನ ಸದ್ದು ಹತ್ತಿರ ಬರುವ ತನಕ ಗೊತ್ತೇ ಆಗಲ್ಲ. ಇನ್ನು ಲೋಕೋ ಪೈಲಟ್ ಬ್ರೇಕ್ ಹಾಕಿದರೂ ನೂರಾರು ಮೀಟರ್ ಹೋಗಿಯೇ ಅದು ನಿಲ್ಲೋದು. ಅವರಿಗೆ ಪಕ್ಕಕ್ಕೆ ತಿರುಗಿಸೋಕೆ ಸ್ಟೇರಿಂಗ್ ಇಲ್ಲ. ಹಾರ್ನ್ ಹೊಡೀತಾ ನೋಡ್ತಾ ಇರಬೇಕಷ್ಟೇ. ಆ ದೃಶ್ಯವನ್ನ ಅವರು ಜೀವನಪೂರ್ತಿ ಹೊತ್ತುಕೊಂಡು ತಿರುಗ್ತಾರೆ.

ನಿಂತ ಗೂಡ್ಸ್ ಗಾಡಿಯ ಮೇಲೆ ಹತ್ತಿ ಸೆಲ್ಫಿ ತೆಗೆಯೋದು ಇನ್ನೂ ಅಪಾಯ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರೀತಾ ಇರುತ್ತೆ. ಮುಟ್ಟಬೇಕಾಗಿಲ್ಲ, ಹತ್ತಿರ ಹೋದರೆ ಸಾಕು, ಅದೇ ನಿಮ್ಮ ಕಡೆ ಹಾರುತ್ತೆ. ಸಕಲೇಶಪುರದ ಹಳಿ ಮೇಲಿನ ಚಾರಣವೂ ಅಷ್ಟೇ. ಸುರಂಗದೊಳಗೆ ರೈಲು ಬಂದರೆ ಓಡೋಕೆ ಜಾಗವಿಲ್ಲ. ಹಳಿ ಮೇಲೆ ಅತಿಕ್ರಮ ಪ್ರವೇಶ ಮಾಡಿದರೆ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, 1 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದರೆ ದಂಡಕ್ಕೆ ಹೆದರಿ ಬಿಡಬೇಡಿ. ಹಳಿಗೆ ಮರ್ಯಾದೆ ಕೊಟ್ಟು ಬಿಡಿ. ನಿಜವಾದ ರೈಲು ಅಭಿಮಾನಿ ಹಳಿ ಮೇಲೆ ಕಾಲಿಡಲ್ಲ. ಹುಲಿಯನ್ನ ಪ್ರೀತಿಸುವವನು ಅದರ ಬೋನಿಗೆ ಇಳಿಯಲ್ಲ ಅಲ್ವಾ?

ಇದರಿಂದ ಏನು ಲಾಭ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇದೆಲ್ಲ ತಿಳಿದುಕೊಂಡು ಏನಾಗಬೇಕು?

2020ರ ಮಾರ್ಚ್. ಲಾಕ್‌ಡೌನ್. ದೇಶದ ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಊರಿನಿಂದ ಅಪ್ಪ ಫೋನ್ ಮಾಡಿದರು. ‘ಬರೀ ಗೂಡ್ಸಿನ ಸದ್ದು ಮಗಾ. ರಾತ್ರಿ ಗಂಟೆ ಎಷ್ಟು ಅಂತಾನೇ ಗೊತ್ತಾಗ್ತಿಲ್ಲ’ ಅಂದರು. ಅವರಿಗೆ ಗಡಿಯಾರವೇ ರೈಲು.

ಆಮೇಲೆ ಒಂದೊಂದೇ ರೈಲು ವಾಪಸ್ ಬಂದವು. ಜನ ಖುಷಿಪಟ್ಟರು. ಆದರೆ ಅಪ್ಪ ಮತ್ತೆ ಫೋನ್ ಮಾಡಿದರು. ‘ನಮ್ಮ ಪ್ಯಾಸೆಂಜರಿನ ನಂಬರ್ ಬದಲಾಗಿದೆ ನೋಡು. ಸೊನ್ನೆಯಿಂದ ಶುರುವಾಗ್ತಿದೆ. ಏನೋ ಇದೆ.’

ರೈಲಿನ ನಂಬರ್ ಐದು ಅಂಕಿಯದು, 2010ರ ಡಿಸೆಂಬರಿನಿಂದ. ಮೊದಲ ಅಂಕಿ 1 ಅಥವಾ 2 ಆದರೆ ದೂರದ ಎಕ್ಸ್‌ಪ್ರೆಸ್. 5 ಆದರೆ ಪ್ಯಾಸೆಂಜರ್. 6 ಮೆಮು, 7 ಡೆಮು. ಸೊನ್ನೆ ಅಂದರೆ ವಿಶೇಷ ರೈಲು. ಅದೇ ಹಳೇ ಗಾಡಿ, ಅದೇ ಬೋಗಿ, ಅದೇ ನಿಲ್ದಾಣ. ಆದರೆ ಹೆಸರು ವಿಶೇಷ, ಟಿಕೆಟ್ ದರ ಎಕ್ಸ್‌ಪ್ರೆಸ್ಸಿನದು. ಕನಿಷ್ಠ ದರ 10 ರೂಪಾಯಿ ಇದ್ದದ್ದು 30 ರೂಪಾಯಿ ಆಗಿತ್ತು. ಪಕ್ಕದ ಊರಿಗೆ ತರಕಾರಿ ಮಾರೋಕೆ ಹೋಗುವ ಅಮ್ಮನಿಗೆ, ಗಾರೆ ಕೆಲಸಕ್ಕೆ ಹೋಗುವ ಅಣ್ಣನಿಗೆ ದಿನಕ್ಕೆ ಹೋಗಿ ಬರೋಕೆ 40 ರೂಪಾಯಿ ಹೆಚ್ಚು. ಇದು 2024ರ ಫೆಬ್ರವರಿ ಕೊನೆಯ ತನಕ ನಡೀತು. ಆಮೇಲೆ ಮತ್ತೆ 10 ರೂಪಾಯಿ ಆಯ್ತು.

ಟಿಕೆಟ್ ಕೊಂಡವರಿಗೆಲ್ಲ ದುಡ್ಡು ಜಾಸ್ತಿ ಆಗಿದೆ ಅಂತ ಗೊತ್ತಿತ್ತು. ಆದರೆ ಯಾಕೆ ಅಂತ ಗೊತ್ತಿದ್ದದ್ದು, ಇದನ್ನ ಎಲ್ಲಿ ಹೇಗೆ ಕೇಳಬೇಕು ಅಂತ ಗೊತ್ತಿದ್ದದ್ದು, ಆ ಸೊನ್ನೆಯನ್ನ ಓದೋಕೆ ಬಂದವರಿಗೆ. ನಮ್ಮೂರಿನಲ್ಲಿ ಅಪ್ಪನೂ ಅವರ ನಾಲ್ಕು ಸ್ನೇಹಿತರೂ ಸೇರಿ ಅರ್ಜಿ ಬರೆದರು. ದರ ಇಳಿದದ್ದು ಅವರ ಅರ್ಜಿಯಿಂದ ಅಂತ ನಾನು ಹೇಳಲ್ಲ. ಆದರೆ ಕೇಳುವವರು ಇದ್ದರು ಅನ್ನೋದು ಮುಖ್ಯ.

ಹವ್ಯಾಸಿಗಳು ಇನ್ನೂ ದೊಡ್ಡದನ್ನೂ ಮಾಡಿದ್ದಾರೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಟಾಲಿಥ್ಲಿನ್ ಅನ್ನೋ ಪುಟ್ಟ ರೈಲು ಮಾರ್ಗ ಇದೆ. ಕಲ್ಲಿನ ಗಣಿಗಾಗಿ ಹಾಕಿದ್ದು. 1950ರಲ್ಲಿ ಮಾಲೀಕ ತೀರಿಕೊಂಡ, ಮುಚ್ಚಿಯೇ ಹೋಗುತ್ತೆ ಅಂದರು. ಆಗ ರೈಲು ಪ್ರೀತಿಸುವ ಸಾಮಾನ್ಯ ಜನ ಸೇರಿ, ಸಂಬಳವಿಲ್ಲದೆ ದುಡಿದು, 1951ರಲ್ಲಿ ಅದನ್ನ ಮತ್ತೆ ಓಡಿಸಿದರು. ಅದು ಇವತ್ತಿಗೂ ಓಡ್ತಾ ಇದೆ.

ಸಾರ್ವಜನಿಕ ಸಾರಿಗೆ ಅಂದರೆ ನಮ್ಮೆಲ್ಲರ ಸೊತ್ತು ಅಂತ ಭಾಷಣದಲ್ಲಿ ಹೇಳ್ತೀವಿ. ಆದರೆ ನಮ್ಮ ಸ್ವಂತ ಬೈಕಿನ ಸದ್ದು ಸ್ವಲ್ಪ ಬದಲಾದರೂ ನಮಗೆ ಗೊತ್ತಾಗುತ್ತೆ. ನಮ್ಮೂರಿನ ಬಸ್ಸಿನ ಒಂದು ಟ್ರಿಪ್ ರದ್ದಾದರೆ, ನಮ್ಮೂರಿನ ಸ್ಟೇಷನ್ನಿನಲ್ಲಿ ಒಂದು ಗಾಡಿ ನಿಲ್ಲೋದು ಬಿಟ್ಟರೆ ತಿಂಗಳಾದರೂ ಗೊತ್ತಾಗಲ್ಲ. ಯಾಕೆ? ಬೈಕನ್ನ ನಾವು ನೋಡ್ತೀವಿ. ಬಸ್ಸನ್ನ, ರೈಲನ್ನ ಬರೀ ಹತ್ತಿ ಇಳೀತೀವಿ. ನೋಡುವವನಿಗೆ ಮಾತ್ರ ಅದು ತನ್ನದು ಅನ್ನಿಸುತ್ತೆ. ತನ್ನದು ಅನ್ನಿಸಿದವನು ಮಾತ್ರ ಅದು ಹೋಗುವಾಗ ‘ಯಾಕೆ?’ ಅಂತ ಕೇಳ್ತಾನೆ.

ಈ ಭಾನುವಾರ ಒಂದು ಕೆಲಸ ಮಾಡಿ. 10 ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ತಗೊಳ್ಳಿ, ಎರಡು ಗಂಟೆ ನಿಮ್ಮದು. ಹಳದಿ ಗೆರೆಯಿಂದ ಹಿಂದೆ ನಿಲ್ಲಿ. ಫೋಟೋ ತೆಗೆಯಬೇಕೆನ್ನಿಸಿದರೆ ಮೊದಲು ಸ್ಟೇಷನ್ ಮಾಸ್ಟರನ್ನ ಒಂದು ಮಾತು ಕೇಳಿ, ನನ್ನ ಥರ ಪೇಚಿಗೆ ಸಿಕ್ಕಿಕೊಳ್ಳಬೇಡಿ. ಹುಬ್ಬಳ್ಳಿಯವರಾದರೆ ನಿಮ್ಮ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮನ್ನ ಈ ತುದಿಯಿಂದ ಆ ತುದಿಗೆ ನಡೆಯಿರಿ, ಇಪ್ಪತ್ತು ನಿಮಿಷ ಹಿಡಿಯುತ್ತೆ. ಮೈಸೂರಿನವರಾದರೆ 1979ರಿಂದ ಇರುವ ರೈಲು ಮ್ಯೂಸಿಯಮ್ಮಿಗೆ ಹೋಗಿ ಮಹಾರಾಣಿಯ ಸಲೂನ್ ನೋಡಿ. ಯಾವ ಊರಿನವರಾದರೂ ಸರಿ, ಜೊತೆಗೆ ಒಂದು ಮಗುವನ್ನ ಕರೆದುಕೊಂಡು ಹೋಗಿ.

ನಮ್ಮ ಅಪ್ಪನಿಗೆ ಈಗ ಮೊಣಕಾಲು ನೋವು. ಸ್ಟೇಷನ್ನಿನ ಮೆಟ್ಟಿಲು ಹತ್ತೋಕಾಗಲ್ಲ. ಆದರೂ ನಾನು ಊರಿಗೆ ಹೋದಾಗಲೆಲ್ಲ ಮನೆ ಬಾಗಿಲಲ್ಲೇ ಕೇಳ್ತಾರೆ: ‘ಯಾವ ಎಂಜಿನ್ ಬಂತು?’

ಊಟ ಆಯ್ತಾ ಅನ್ನೋದು ಆಮೇಲೆ.